ಹಕ್ಕಿ ಬೀಳದ ಬಲೆ

ನಮ್ಮ ಬಾಡ ಊರಿನ ಕಡಲದಂಡೆಯಿಂದ ಮೇಲೆ ಬರುವ ಗಂಡಸನ್ನು ಯಾರೂ ಚಾ ಆಯಿತಾ, ಊಟ ಆಯಿತಾ ಎಂದು ಕೇಳುವುದಿಲ್ಲ. ‘ಎಂತ ಬಿತ್ತು?’ ಎಂದು ಕೇಳುತ್ತಾರೆ. ಇವತ್ತು ಬಲೆಗೆ ಏನು ಬಿತ್ತು ಎಂದು ಅದರ ಅರ್ಥ. ಬಂಗಡೆ ಬಿದ್ದಿದ್ದರೆ ಬಂಗಡೆ ಎನ್ನಬೇಕು, ತಾರ್ಲೆ ಬಿದ್ದಿದ್ದರೆ ತಾರ್ಲೆ. ಏನೂ ಬೀಳದ ದಿನ ಗಂಡಸರು ತಲೆ ತಗ್ಗಿಸಿ, ಕಿವಿ ಕೇಳದವರ ಹಾಗೆ ದಾಟಿ ಹೋಗುತ್ತಾರೆ. ಕೇಳಿದವರೂ ಎರಡನೇ ಸಲ ಕೇಳುವುದಿಲ್ಲ. ಅಷ್ಟು ಮರ್ಯಾದೆ ನಮ್ಮ ಕೇರಿಯಲ್ಲಿ ಇನ್ನೂ ಉಳಿದಿದೆ.

ನನ್ನ ಗಂಡನನ್ನು ಈ ಮಾತು ಕೇಳಲೆಂದೇ ಜನ ದಾರಿಯಲ್ಲಿ ನಿಂತು ಕಾಯುತ್ತಿದ್ದರು. ಜಟ್ಟ ತಾಂಡೇಲ ಎಂದರೆ ಅಘನಾಶಿನಿಯಿಂದ ಮುರ್ಡೇಶ್ವರದವರೆಗೆ ಗೊತ್ತು. ತಾಂಡೇಲ ಎಂದರೆ ಬಲೆಯ ಯಜಮಾನ. ನೀರು ನೋಡಿ ಮೀನು ಎಲ್ಲಿದೆ ಎಂದು ಹೇಳುವವನು ಅವನು, ಬಲೆ ಎಲ್ಲಿ ಬಿಡಬೇಕು ಎನ್ನುವವನೂ ಅವನೇ. ಇವರು ಮರಳದಿಬ್ಬದ ಮೇಲೆ ನಿಂತು ಹಣೆಗೆ ಕೈ ಅಡ್ಡ ಹಿಡಿದು ನೋಡುತ್ತಿದ್ದರು. ಬರೀ ನೀರು ಕಾಣುವ ಜಾಗದಲ್ಲಿ ಇವರಿಗೆ ಮೀನಿನ ಹಿಂಡು ಕಾಣುತ್ತಿತ್ತು. ಹೆಗಲ ಮೇಲಿನ ಕೆಂಪು ಟವೆಲ್ ತೆಗೆದು ಬೀಸಿದರೆ ಆಯಿತು, ದೋಣಿಯವರು ಚಾದ ಲೋಟ ಅಲ್ಲೇ ಬಿಟ್ಟು ಓಡುತ್ತಿದ್ದರು. ನನ್ನ ಗಂಡ ಎಂದು ಹೊಗಳುತ್ತಿಲ್ಲ. ಹೊಗಳಿದರೂ ತಪ್ಪೇನಿದೆ? ಬೇರೆಯವರ ಗಂಡನನ್ನು ಹೊಗಳಿದರೆ ತಪ್ಪು.

ಕಣ್ಣಿಗಿಂತ ದೊಡ್ಡದು ಅವರ ಕೈ. ಬಲೆಯನ್ನು ಹಗ್ಗಕ್ಕೆ ಕಟ್ಟುವುದರಲ್ಲಿ ಅವರನ್ನು ಮೀರಿಸಿದವರಿಲ್ಲ. ಬಲೆ ಬಿಗಿಯಾದರೆ ಮೀನು ಬಂದು ಡಿಕ್ಕಿ ಹೊಡೆದು ಹಿಂದೆ ತಿರುಗುತ್ತದೆ. ತೀರಾ ಸಡಿಲಾದರೆ ಬಲೆ ತನಗೆ ತಾನೇ ಸುತ್ತಿಕೊಳ್ಳುತ್ತದೆ. ಸರಿಯಾಗಿ ಸಡಿಲು ಬಿಟ್ಟ ಬಲೆಯಲ್ಲಿ ಮೀನು ತಲೆ ತೂರಿಸಿತೋ, ಮುಂದೆ ಹೋಗುವುದಕ್ಕೂ ಆಗದು, ಹಿಂದೆ ಬರುವುದಕ್ಕೂ ಆಗದು. ಆ ಸಡಿಲು ಎಷ್ಟೆಂದು ಇವರ ಅಪ್ಪ ಇವರ ಬೆರಳಿಗೆ ಕಲಿಸಿದ್ದರು. ಬಾಯಿಂದ ಹೇಳಿ ಕಲಿಸುವ ವಿದ್ಯೆ ಅಲ್ಲ ಅದು.

ಎರಡು ವರ್ಷದ ಹಿಂದೆ ಇವರ ಕಣ್ಣು ಕೈಕೊಟ್ಟಿತು. ಹತ್ತಿರದ್ದು ಕಾಣುತ್ತಿತ್ತು, ದೂರದ ನೀರಿನ ಬಣ್ಣ ಮಾತ್ರ ಮೊದಲಿನ ಹಾಗೆ ಗೊತ್ತಾಗುತ್ತಿರಲಿಲ್ಲ. ನಮಗ್ಯಾರಿಗೂ ಹೇಳದೆ ನುಂಗಿಕೊಂಡಿದ್ದರು. ಒಂದು ಬೆಳಿಗ್ಗೆ ದಿಬ್ಬದ ಮೇಲೆ ನಿಂತು ಟವೆಲ್ ಬೀಸಿದರು. ಊರಿಗೆ ಊರೇ ದಂಡೆಗೆ ಬಂತು. ನಾವು ಹೆಂಗಸರು ಬುಟ್ಟಿ ಹಿಡಿದು ಸಾಲಾಗಿ ನಿಂತೆವು. ಎಲ್ಲರೂ ಸೇರಿ ಹಗ್ಗ ಎಳೆದರು. ಬಲೆ ಮೇಲೆ ಬಂದಾಗ ಅದರಲ್ಲಿ ಒಂದಿಷ್ಟು ಕಸ ಬಿಟ್ಟರೆ ಬೇರೆ ಏನೂ ಇರಲಿಲ್ಲ. ಮೋಡದ ನೆರಳನ್ನು ಇವರು ಮೀನಿನ ಹಿಂಡು ಎಂದುಕೊಂಡಿದ್ದರು.

ಯಾರೂ ಒಂದು ಮಾತು ಆಡಲಿಲ್ಲ. ಆಡಿದ್ದರೆ ನಾನು ಬುಟ್ಟಿಯಲ್ಲೇ ಹೊಡೆಯುತ್ತಿದ್ದೆ. ಇವರು ಕೆಂಪು ಟವೆಲನ್ನು ತಾವೇ ಕೆಲಸ ಕಲಿಸಿದ ಅಣ್ಣಪ್ಪನ ಹೆಗಲಿಗೆ ಹಾಕಿ ಮನೆಗೆ ಬಂದರು. ಆಮೇಲೆ ದಂಡೆಯ ಕಡೆ ತಲೆ ಹಾಕಲಿಲ್ಲ. ಪೇಟೆಗೆ ಹೋಗುವುದಿದ್ದರೂ ದಂಡೆಯ ದಾರಿ ಬಿಟ್ಟು ಗದ್ದೆಯ ಬದಿಯಿಂದ ಸುತ್ತಿಕೊಂಡು ಹೋಗುವರು. ಕಣ್ಣಿನ ಆಪರೇಷನ್ ಆಯಿತು, ಕನ್ನಡಕ ಬಂತು, ಆದರೂ ದಾರಿ ಬದಲಾಗಲಿಲ್ಲ. ಆ ಎರಡು ವರ್ಷ ನನ್ನ ಗಂಡನನ್ನು ‘ಎಂತ ಬಿತ್ತು’ ಎಂದು ಕೇಳಿದ ಒಂದು ನರಪಿಳ್ಳೆಯೂ ಇಲ್ಲ. ಸಂಕಟ ಅವರಿಗಿಂತ ನನಗೇ ಜಾಸ್ತಿ ಆಗುತ್ತಿತ್ತು.

ಸುಮ್ಮನೆ ಕೂರುವ ಜಾತಕ ಅವರದ್ದಲ್ಲ. ಮನೆಯ ಹಿಂದಿನ ಮರಳು ಹಿತ್ತಲನ್ನು ಹಿಡಿದರು. ನಾನು ಮೀನು ತೊಳೆದ ನೀರು, ತಾರ್ಲೆಯ ತಲೆ ಎಲ್ಲ ಬುಡಕ್ಕೆ ಹಾಕಿ ಹಾಕಿ ಅಲ್ಲಿದ್ದ ಎರಡು ಪೇರಲ ಮರ ಸೊಕ್ಕಿ ಬೆಳೆದಿದ್ದವು. ಇವರು ಗೆಲ್ಲು ಕತ್ತರಿಸಿ, ಬುಡ ಬಿಡಿಸಿ, ನೀರು ಹೊಯ್ದರು. ದೀಪಾವಳಿ ಕಳೆದ ಮೇಲೆ ಕಾಯಿ ಹಿಡಿದವು. ಒಳಗೆ ಗುಲಾಬಿ ಬಣ್ಣ, ಕಚ್ಚಿದರೆ ಹಲ್ಲಿಗೆ ಸಕ್ಕರೆ. ಮೊದಲ ಹಣ್ಣನ್ನು ದೇವರ ಮುಂದಿಟ್ಟು, ಉಳಿದದ್ದನ್ನು ಕೇರಿಗೆಲ್ಲ ಹಂಚುತ್ತೇನೆ ಎಂದು ನಾನು ಮುಂಚೆಯೇ ಡಂಗುರ ಹೊಡೆದುಬಿಟ್ಟಿದ್ದೆ.

ಆಗ ಬಂದವು ಆ ಹಕ್ಕಿಗಳು. ಮಟಪಕ್ಷಿ ಎನ್ನುತ್ತಾರಂತೆ, ನಾವು ಬಾಲದ ಹಕ್ಕಿ ಎನ್ನುತ್ತೇವೆ. ಕಪ್ಪು ತಲೆ, ಇಟ್ಟಿಗೆ ಬಣ್ಣದ ಮೈ, ಮೈಗಿಂತ ಉದ್ದ ಬಾಲ. ಕಾಗೆಯ ಕುಲವೇ, ಆದರೆ ಕಾಗೆಗೆ ಇರುವ ನಾಚಿಕೆ ಇವಕ್ಕಿಲ್ಲ. ಒಮ್ಮೆ ಕೊಳಲು ಊದಿದ ಹಾಗೆ ಕೂಗುತ್ತವೆ, ಮರುಗಳಿಗೆಗೆ ಹಲ್ಲು ಕಡಿದ ಹಾಗೆ ಕೆ-ಕೆ-ಕೆ ಎನ್ನುತ್ತವೆ. ಸಂಸಾರ ಸಮೇತ ಬಂದು ಒಂದು ಹಣ್ಣನ್ನೂ ಪೂರ್ತಿ ತಿನ್ನದೆ ಎಲ್ಲದಕ್ಕೂ ಒಂದೊಂದು ತೂತು ಮಾಡಿ ಹೋಗುತ್ತಿದ್ದವು. ಒಂದನ್ನು ಪೂರ್ತಿ ತಿಂದು ಹೊಟ್ಟೆ ತುಂಬಿಸಿಕೊಳ್ಳಿ, ಪುಣ್ಯ ಬರುತ್ತದೆ. ಈ ರುಚಿ ನೋಡುವ ಚಟ ಯಾರು ಕಲಿಸಿದರೋ.

ಇವರು ಡಬ್ಬ ಬಡಿದರು. ಎರಡು ದಿನ ಹೆದರಿದವು, ಮೂರನೆಯ ದಿನ ಡಬ್ಬದ ಮೇಲೆಯೇ ಕುಳಿತವು. ಹಳೆಯ ಸಿಡಿಗಳನ್ನು ದಾರಕ್ಕೆ ಕಟ್ಟಿ ತೂಗುಬಿಟ್ಟರು. ಅವು ಅದರಲ್ಲಿ ಮುಖ ನೋಡಿಕೊಂಡವು. ಕೊನೆಗೆ ನಾನು ಹುಲ್ಲು ತುಂಬಿಸಿ ಒಂದು ಬೆದರುಗೊಂಬೆ ಮಾಡಿ, ಇವರ ಅಂಗಿ ತೊಡಿಸಿ, ಇದ್ದಿಲಿನಲ್ಲಿ ಇವರದ್ದೇ ಮೀಸೆ ಬರೆದೆ. ಬೆಳಿಗ್ಗೆ ಎದ್ದು ನೋಡುತ್ತೇನೆ, ಒಂದು ಹಕ್ಕಿ ಗೊಂಬೆಯ ತಲೆಯ ಮೇಲೆ ಕುಳಿತು ಆರಾಮಾಗಿ ಪೇರಲ ತಿನ್ನುತ್ತಿದೆ. ಇವರ ಮುಖ ಕೆಂಪಾಯಿತು.

“ನಂದೇ ಅಂಗಿ ಹಾಕ್ಬೇಕಾಗಿತ್ತನೇ ನಿಂಗೆ?” ಎಂದರು.

“ಮತ್ತೆ ಯಾರದ್ದು ಹಾಕುದು? ಊರೆಲ್ಲ ನಿಮಗೇ ಹೆದರ್ತಿತ್ತಲ್ಲ ಹೇಳಿ ಹಾಕ್ದೆ,” ಎಂದೆ.

ಅವರು ಏಣಿ ಇಟ್ಟು ಅಟ್ಟ ಹತ್ತಿ, ಎರಡು ವರ್ಷದಿಂದ ಮುಟ್ಟದ ಬಲೆಯ ಗಂಟನ್ನು ಕೆಳಗೆ ಎಳೆದರು. ತೆಳು ನೂಲಿನ ಬಂಗಡೆ ಬಲೆ ಅದು. ನೀರಿನಲ್ಲಿ ಮೀನಿಗೆ ಕಾಣುವುದಿಲ್ಲ, ಬಿಸಿಲಲ್ಲಿ ನಮಗೂ ಸರಿಯಾಗಿ ಕಾಣುವುದಿಲ್ಲ. ಬಲೆಯ ವಾಸನೆ ಹಿತ್ತಲಲ್ಲಿ ಹರಡಿತು. ಇವರು ಮರದ ಸುತ್ತ ಗಳ ನೆಟ್ಟು, ಹಗ್ಗ ಎಳೆದು, ಸಂಜೆಯವರೆಗೆ ಕಟ್ಟಿದರು. ನೋಡಲು ಎಷ್ಟು ಚಂದ ಇತ್ತೆಂದರೆ ನಾನು ಒಲೆಯ ಮೇಲಿನ ಸಾರು ಮರೆತು ಅಲ್ಲೇ ನಿಂತುಬಿಟ್ಟೆ. ಗಾಳಿ ಬಂದರೆ ಇಡೀ ಬಲೆ ಮೆಲ್ಲಗೆ ಉಬ್ಬಿ ಮೆಲ್ಲಗೆ ಇಳಿಯುತ್ತಿತ್ತು. ಬೆರಳುಗಳು ಏನೂ ಮರೆತಿರಲಿಲ್ಲ.

ಮಾರನೆಯ ಬೆಳಿಗ್ಗೆ ಕೂಗಾಟಕ್ಕೆ ಎಚ್ಚರವಾಯಿತು. ಒಂದು ಬಾಲದ ಹಕ್ಕಿ ಬಲೆಯಲ್ಲಿ ಸಿಕ್ಕಿ ನೇತಾಡುತ್ತಿತ್ತು. ಒಂದು ರೆಕ್ಕೆ, ಒಂದು ಕಾಲು, ಕುತ್ತಿಗೆ, ಮೂರೂ ನೂಲಿನಲ್ಲಿ ಸಿಕ್ಕಿದ್ದವು. ಉಳಿದವು ತೆಂಗಿನ ಗರಿಯ ಮೇಲೆ ಕುಳಿತು ನಮ್ಮ ಹೆಸರು ಹಿಡಿದು ಬೈಯುತ್ತಿದ್ದವು. ನಾನು ಆ ಹಕ್ಕಿಗಳಿಗೆ ಹಿಡಿ ಶಾಪ ಹಾಕಿದವಳೇ. ಆದರೆ ಅದರ ಎದೆ ಹೊಡೆದುಕೊಳ್ಳುವುದು ನೋಡಿ ಇವರನ್ನು ಕೂಗಿ ಕರೆದೆ.

ಇವರು ಅದರ ತಲೆಯನ್ನು ಎರಡು ಬೆರಳ ಸಂದಿಯಲ್ಲಿ ಹಿಡಿದು, ಒಂದೊಂದೇ ಎಳೆ ಬಿಡಿಸತೊಡಗಿದರು. ಮೀನಾದರೆ ಕಣ್ಣು ಮುಚ್ಚಿ ಬಿಡಿಸುವ ಕೈ. ಹಕ್ಕಿ ಒದ್ದಾಡಿದಷ್ಟೂ ನೂಲು ಬಿಗಿಯುತ್ತಿತ್ತು. ಅವರ ಹೆಬ್ಬೆರಳಿಗೆ ರಕ್ತ ಬರುವ ಹಾಗೆ ಕುಕ್ಕಿತು.

“ಚೂರಿ ತಾ,” ಎಂದರು.

ನಾನು ನಿಂತಲ್ಲೇ ನಿಂತೆ. ನಮ್ಮ ಮನೆಯಲ್ಲಿ ಬಲೆಗೆ ಚೂರಿ ಹಾಕಿದ್ದು ನಾನು ಮದುವೆಯಾಗಿ ಬಂದ ಮೇಲೆ ನೋಡಿಲ್ಲ. ಬಲೆ ಕಲ್ಲಿಗೆ ಸಿಕ್ಕಿದರೆ ಇವರು ನೀರಿಗೆ ಹಾರಿ, ಮುಳುಗಿ ಬಿಡಿಸಿಕೊಂಡು ಬರುವವರು.

“ಕೇಳ್ತಿಲ್ವಾ? ಚೂರಿ ತಾ, ಸಾಯ್ತದೆ ಅದು!”

ತಂದುಕೊಟ್ಟೆ. ಕೊಯ್ದರು. ಹಕ್ಕಿ ನೆಲಕ್ಕೆ ಬಿದ್ದು, ಎದ್ದು, ತೆಂಗಿನ ಮರಕ್ಕೆ ಹಾರಿ ಹೋಗಿ, ಅಲ್ಲಿಂದ ಇವರಿಗೇ ಕೆ-ಕೆ-ಕೆ ಎಂದಿತು. ಉಪಕಾರ ಸ್ಮರಣೆ ಎಂಬುದು ಆ ಕುಲಕ್ಕೆ ಗೊತ್ತಿಲ್ಲ. ಅಷ್ಟರಲ್ಲಿ ಬೇಲಿಯ ಆಚೆಯಿಂದ ದನಿ ಬಂತು.

“ಎಂತ ಬಿತ್ತು ಜಟ್ಟಣ್ಣ?”

ಅಣ್ಣಪ್ಪ. ಕೈಯಲ್ಲಿ ಮೊಬೈಲ್, ಮುಖದ ತುಂಬ ನಗು. ಹೆಗಲ ಮೇಲೆ ಅದೇ ಕೆಂಪು ಟವೆಲ್. ಕೆಟ್ಟವನಲ್ಲ ಅವನು, ಬಾಯಿ ಮಾತ್ರ ಬುದ್ಧಿಗಿಂತ ಎರಡು ಹೆಜ್ಜೆ ಮುಂದೆ ಓಡುತ್ತದೆ. ಎರಡು ವರ್ಷದ ಮೇಲೆ ಆ ಪ್ರಶ್ನೆ ನನ್ನ ಗಂಡನ ಕಿವಿಗೆ ಬಿದ್ದದ್ದು ಹೀಗೆ. ಇವರ ಕೈಯಲ್ಲಿ ಕೊಯ್ದ ಬಲೆ, ಹೆಬ್ಬೆರಳಲ್ಲಿ ರಕ್ತ. ಇವರು ಅವನ ಕಡೆ ನೋಡಲೂ ಇಲ್ಲ, ಒಳಗೆ ಹೋದರು.

ನಾನು ಬೇಲಿಯ ಹತ್ತಿರ ಹೋದೆ. “ಏ ಅಣ್ಣಪ್ಪ, ಆ ಟವೆಲ್ ಯಾರು ಕೊಟ್ಟದ್ದು ನಿಂಗೆ? ಬಲೆಯ ಸೂಜಿ ಹಿಡಿಯೂಕೆ ಯಾರು ಕಲ್ಸಿದ್ದು? ಅವ್ರ ಎದುರು ಹಲ್ಲು ಕಿಸೀತೆ ಅಲ್ದಾ? ಎಂತ ಬಿತ್ತು ಹೇಳಿ ಇನ್ನೊಂದ್ಸಲ ಕೇಳು ನೋಡ್ವಾ, ನಿನ್ನ ನಾಲಿಗೆ ಬೀಳ್ತದೆ ಇಲ್ಲಿ!” ಅವನ ನಗು ಇಳಿಯಿತು. “ತಮಾಷಿಗೆ ಕೇಳ್ದೆ ಅತ್ಗೆ,” ಎಂದು ತಲೆ ಕೆರೆದ. ಆದರೆ ಬಲೆ ಕೊಯ್ದು ಹಕ್ಕಿ ಬಿಡಿಸಿದ್ದನ್ನು ಅವನು ತೆಗೆದ ವಿಡಿಯೋ ಅಷ್ಟರಲ್ಲೇ ಅವನ ದೋಣಿಯವರ ಗುಂಪಿಗೆ ಹೋಗಿ, ಅಲ್ಲಿಂದ ಊರೆಲ್ಲ ಸುತ್ತಲು ಹೊರಟಿತ್ತು. ಮಾರನೆಯ ದಿನ ಕುಮಟೆಯ ಮೀನು ಮಾರ್ಕೆಟ್ಟಿನಲ್ಲಿ ನನ್ನ ಪಕ್ಕದ ಬುಟ್ಟಿಯ ಜಯಂತಿ, “ನಾಗಮ್ಮ, ಇನ್ನು ಹಕ್ಕಿನೂ ಮಾರ್ತ್ಯನೇ?” ಎಂದಳು. ಅವಳಿಗೆ ಏನು ಹೇಳಿದೆ ಎಂದು ಇಲ್ಲಿ ಬರೆಯುವ ಹಾಗಿಲ್ಲ.

ಮನೆಗೆ ಬಂದರೆ ಇವರು ಜಗಲಿಯಲ್ಲಿ ಗೋಡೆ ನೋಡಿಕೊಂಡು ಮಲಗಿದ್ದರು. ಬಲೆ ಮೂಲೆಯಲ್ಲಿ ಮುದ್ದೆಯಾಗಿ ಬಿದ್ದಿತ್ತು. ನನಗೆ ರೇಗಿತು.

“ಬಲೆ ಎಂತ ತಪ್ಪು ಮಾಡ್ತು ಹೇಳಿ ಅದರ ಹಾಂಗೆ ಬಿಸಾಡಿದ್ದು? ನೀವು ಕಲ್ಸಿದ್ದೇ ಮಾಡ್ತು ಅದು. ಹಿಡಿ ಅಂದ್ರಿ, ಹಿಡೀತು.”

ಅವರು ಎದ್ದು ಕುಳಿತು, ಬಲೆಯನ್ನು ಮಡಿಲಿಗೆ ಎಳೆದುಕೊಂಡು, ಹಗ್ಗದ ಉದ್ದಕ್ಕೂ ಬೆರಳು ಓಡಿಸಿದರು. ಓಡಿಸುತ್ತಾ ಓಡಿಸುತ್ತಾ ನಿಂತರು. ಅವರ ಹೊಟ್ಟೆ ಕುಲುಕತೊಡಗಿತು. ನಾನು ಅಳುತ್ತಿದ್ದಾರೆ ಎಂದುಕೊಂಡೆ. ಅಲ್ಲ, ನಗುತ್ತಿದ್ದರು.

“ಸಡಿಲು ಬಿಟ್ಟಿದ್ದೆ ಕಾಣೇ,” ಎಂದರು. “ಪೇರಲ ಮರಕ್ಕೂ ಬಂಗಡಿಗೆ ಬಿಟ್ಟ ಹಾಂಗೇ ಸಡಿಲು ಬಿಟ್ಟಿದ್ದೆ. ಹಕ್ಕಿ ಓಡ್ಸೂಕೆ ಹೋಗಿ ಹಕ್ಕಿ ಹಿಡಿಯೂ ಬಲೆ ಕಟ್ಟಿದ್ದೆ!”

ನನಗೂ ನಗು ಬಂತು. ಬೇರೆ ಯಾವ ಜಾತಿಯವನಾದರೂ ಬಲೆಯನ್ನು ಮರಕ್ಕೆ ಎಳೆದು ಬಿಗಿದು ಕಟ್ಟುತ್ತಿದ್ದ. ಇಂಥ ತಪ್ಪು ಮಾಡಲು ಜಟ್ಟ ತಾಂಡೇಲನೇ ಆಗಬೇಕು.

“ಹಂಗಾರೆ ಹಿಡೀದೇ ಇರೂ ಬಲೆ ಕಟ್ಟಿ,” ಎಂದೆ.

“ಹಿಡೀದೇ ಇರೂ ಬಲೆ,” ಎಂದು ಅವರು ತಮಗೆ ತಾವೇ ಹೇಳಿಕೊಂಡರು. ಅವರ ಅಪ್ಪನಾಗಲಿ ಅಜ್ಜನಾಗಲಿ ಅಂಥದ್ದೊಂದನ್ನು ಯೋಚಿಸಿದವರಲ್ಲ. ಅವರ ಕಣ್ಣಿಗೆ ಹಳೆಯ ಹೊಳಪು ಬಂದದ್ದನ್ನು ನಾನು ನೋಡಿದೆ.

ತೆಳು ನೂಲು ಬೇಡ, ಹಕ್ಕಿಗೆ ಕಾಣುವಂಥ ದಪ್ಪ ನೂಲು ಬೇಕು ಎಂದರು. ತಲೆ ತೂರದಷ್ಟು ಸಣ್ಣ ಕಣ್ಣಿನದು ಬೇಕು ಎಂದರು. ನಾನು ತದಡಿ ಬಂದರಿಗೆ ಹೋಗಿ, ಬೋಟಿನವರು ಮೂಲೆಗೆ ಹಾಕಿದ್ದ ಹಳೆಯ ಬಲೆ ಕೇಳಿ ತಂದು ರಿಕ್ಷಾಕ್ಕೆ ತುಂಬಿಸಿದೆ. ಇವರು ಹರಿದದ್ದನ್ನೆಲ್ಲ ಹೆಣೆದು ಸರಿ ಮಾಡಿದರು. ಅಲ್ಲಿಯವರೆಗೆ ಸುಲಭ. ಕಷ್ಟ ಆದದ್ದು ಕಟ್ಟುವಾಗ. ಬುದ್ಧಿ ಬಿಗಿ ಎನ್ನುತ್ತಿತ್ತು, ಬೆರಳು ಸಡಿಲು ಬಿಡುತ್ತಿತ್ತು. ಬೆಳಿಗ್ಗೆಯಿಂದ ಹಲ್ಲು ಕಚ್ಚಿ ಬಿಗಿದು ಕಟ್ಟಿಕೊಂಡು ಬಂದರೆ, ಯಾರೋ ಬಂದು ಒಂದು ಮಾತು ಕೇಳಿದರೆ ಸಾಕು, ಅಲ್ಲಿಂದ ಮುಂದೆ ಕೈ ತನ್ನಷ್ಟಕ್ಕೆ ಹಳೆಯ ಲೆಕ್ಕಕ್ಕೆ ಹೊರಳುತ್ತಿತ್ತು. ಇಡೀ ಜನ್ಮದ ಅಭ್ಯಾಸ ಅದು. ಅವರು ತಮ್ಮ ಕೈಗೆ ತಾವೇ ಹೊಡೆದುಕೊಂಡು ಮತ್ತೆ ಬಿಚ್ಚುತ್ತಿದ್ದರು.

ಪರೀಕ್ಷೆ ಮಾಡುವ ಕೆಲಸ ನನ್ನದು. ಒದ್ದೆ ಬಟ್ಟೆಯ ಉಂಡೆ ಮಾಡಿ ಬಲೆಗೆ ಎಸೆಯಬೇಕು. ಉಂಡೆ ಬಲೆಯಲ್ಲಿ ಗುಳಿ ಮಾಡಿ ನಿಂತರೆ ಸಡಿಲು ಎಂದರ್ಥ.

“ನಿಂತ್ತು,” ಎನ್ನುತ್ತಿದ್ದೆ ನಾನು.

“ಹಾಳಾದ ಬೆರಳು,” ಎಂದು ಬಿಚ್ಚುತ್ತಿದ್ದರು ಅವರು.

ಎಷ್ಟು ಸಲ ಬಿಚ್ಚಿದರೋ, ಎಷ್ಟು ಸಲ ಕಟ್ಟಿದರೋ. ನನ್ನ ಭುಜ ನೋಯತೊಡಗಿತು. ಕೊನೆಗೆ ಒಂದು ಮಧ್ಯಾಹ್ನ ಎಸೆದ ಉಂಡೆ ಬಲೆಗೆ ಬಡಿದು ಅಷ್ಟೇ ಜೋರಿನಲ್ಲಿ ತಿರುಗಿ ಬಂದು ನನ್ನ ಎದೆಗೆ ಹೊಡೆಯಿತು. ಸೀರೆಯೆಲ್ಲ ಒದ್ದೆ.

“ಅಡ್ಡಿಲ್ಲ,” ಎಂದರು ನನ್ನ ಗಂಡ. ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ನಮ್ಮ ಮದುವೆಯ ದಿನ ನನ್ನನ್ನು ನೋಡಿಯೂ ಅಷ್ಟೇ ಹೇಳಿದ್ದರು.

ಮಾರನೆಯ ಬೆಳಿಗ್ಗೆ ಹಕ್ಕಿಗಳು ಬಂದವು. ಮೊದಲನೆಯದು ಮನೆಯ ಯಜಮಾನನ ಠೀವಿಯಿಂದ ಇಳಿದು ಬಲೆಯ ಮೇಲೆ ಕಾಲಿಟ್ಟಿತು. ಬಲೆ ಝಲ್ಲೆಂದು ಅದನ್ನು ಮೇಲಕ್ಕೆ ಎತ್ತಿ ಹಾಕಿತು. ಎರಡನೆಯದು ಪಕ್ಕದಿಂದ ನುಗ್ಗಲು ಹೋಗಿ, ಜಾರಿ, ಬಾಲ ಮೇಲೆ ತಲೆ ಕೆಳಗೆ ಆಗಿ, ಹಾಗೂ ಹೀಗೂ ಸುಧಾರಿಸಿಕೊಂಡು ಹಾರಿತು. ತೆಂಗಿನ ಮರದ ಮೇಲೆ ಕುಳಿತು ಎಲ್ಲವೂ ಸಭೆ ಸೇರಿ ಮಾತಾಡಿದವು. ಇನ್ನೊಮ್ಮೆ ನೋಡಿದವು. ಆಮೇಲೆ ಹೋದವು. ಇವರು ಜಗಲಿಯಲ್ಲಿ ಕುಳಿತು ಕಿವಿಯಲ್ಲೇ ಎಲ್ಲವನ್ನೂ ನೋಡುತ್ತಿದ್ದರು. ಬಲೆಯ ಸದ್ದು ಕೇಳಿದಾಗಲೆಲ್ಲ ಮೀಸೆ ಅಲುಗುತ್ತಿತ್ತು. ನನಗೆ ಆದ ಹೆಮ್ಮೆಯನ್ನು ಎಲ್ಲಿ ಇಡಲಿ ಎಂದು ತಿಳಿಯಲಿಲ್ಲ. ಹಣ್ಣನ್ನು ದೇವರಿಗಿಟ್ಟು, ಕೇರಿಗೆ ಹಂಚಿದೆ. ಜಯಂತಿಗೆ ಎಲ್ಲಕ್ಕಿಂತ ದೊಡ್ಡದನ್ನೇ ಕೊಟ್ಟು, ತಿಂದು ಮುಗಿಸುವವರೆಗೆ ಎದುರಿಗೇ ನಿಂತಿದ್ದೆ.

ಆದರೆ ಇವರು ಹೊರಗೆ ಹೊರಟರೆ ಅದೇ ಗದ್ದೆಯ ಬದಿಯ ದಾರಿ. ಹಕ್ಕಿ ಬಿದ್ದದ್ದನ್ನು ಊರೆಲ್ಲ ನೋಡಿತ್ತು. ಹಕ್ಕಿ ಬೀಳದ್ದನ್ನು ಯಾರು ವಿಡಿಯೋ ಮಾಡುತ್ತಾರೆ?

ಒಂದು ವಾರ ಕಳೆದಿರಬೇಕು, ಧಾರೇಶ್ವರದಿಂದ ವಿಶ್ವನಾಥ ಎನ್ನುವವರು ಬೈಕಿನಲ್ಲಿ ಬಂದರು. ದೊಡ್ಡ ಚಿಕ್ಕು ತೋಟದವರು. ಆ ವಿಡಿಯೋ ನೋಡಿ ವಿಳಾಸ ಕೇಳಿಕೊಂಡು ಬಂದೆ ಎಂದಾಗ ನಾನು ಸೆರಗು ಸಿಕ್ಕಿಸಿ ಜಗಳಕ್ಕೆ ತಯಾರಾದೆ.

“ಹಾಂಗಲ್ಲ ಅಮ್ಮ,” ಎಂದರು ಅವರು. “ಪ್ಯಾಟಿಂದ ತಂದ ಬಲೆ ಹಾಕಿದ್ದೆ ನಾನು. ಬೆಳಗಾದ್ರೆ ಸತ್ತ ಹಕ್ಕಿ ಬಿಡ್ಸೂದೇ ಕೆಲಸ. ಮೊನ್ನೆ ಕೇರೆಹಾವು ಸಿಕ್ಕಿ ಸತ್ತದೆ. ನಮ್ಮನೆಯವಳು ತೋಟಕ್ಕೆ ಬರೂದೇ ಬಿಟ್ಟಿದ್ದಾಳೆ. ವಿಡಿಯೋದಲ್ಲಿ ಇವರು ಹಕ್ಕಿ ಸಾಯ್ಬಾರ್ದು ಹೇಳಿ ಬಲೆನೇ ಕೊಯ್ದದ್ದು ನೋಡ್ದೆ. ಇವರ ಹತ್ರ ಕೇಳ್ವ ಅನಿಸ್ತು.”

ನಾನು ಸೆರಗು ಬಿಟ್ಟು ಅವರನ್ನು ಹಿತ್ತಲಿಗೆ ಕರೆದುಕೊಂಡು ಹೋದೆ. ಅವರು ಬಲೆಯನ್ನು ಅಂಗೈಯಿಂದ ಒತ್ತಿದರು. ಬಲೆ ಅವರ ಕೈಯನ್ನು ಹಿಂದಕ್ಕೆ ದೂಡಿತು. ಮತ್ತೆ ಒತ್ತಿದರು. “ಇದೇ ನಂಗೆ ಬೇಕಾದ್ದು. ಇದನ್ನ ಯಾರು ಕಟ್ಟಿದ್ದು?” ಎಂದರು.

“ನಮ್ಮನೆಯವ್ರು. ಜಟ್ಟ ತಾಂಡೇಲ ಹೇಳ್ತ್ರು,” ಎಂದೆ. ಆ ಹೆಸರನ್ನು ಗಟ್ಟಿಯಾಗಿ ಹೇಳಿ ನನಗೂ ಬಹಳ ದಿನ ಆಗಿತ್ತು.

ತೋಟಕ್ಕೆಲ್ಲ ಆಗುವ ಬಲೆ ನಮ್ಮ ಹಿತ್ತಲಲ್ಲಿ ಹರಡಲು ಸಾಲದು. ಅಷ್ಟು ದೊಡ್ಡ ಬಲೆ ಎಳೆದು ಹಾಕಿ ಹಗ್ಗಕ್ಕೆ ಕಟ್ಟಲು ಇರುವ ಜಾಗ ಒಂದೇ, ದಂಡೆಯ ಮರಳು. ಇವರಿಗೆ ಅದು ತಕ್ಷಣ ಹೊಳೆಯಿತು. ಒಳಗೆ ಬಂದು ನನಗೆ ಮೆಲ್ಲಗೆ, “ಆಗೂದಿಲ್ಲ ಹೇಳು,” ಎಂದರು.

“ಆಗ್ತದೆ ಹೇಳಿ ನಾ ಆಗ್ಲೇ ಹೇಳ್ದೆ,” ಎಂದೆ.

ಆ ರಾತ್ರಿ ಅವರು ಶೆಟ್ಲಿ ಸಿಗಡಿಯ ಸಾರನ್ನು ಮುಟ್ಟಲಿಲ್ಲ. ನಾನೂ ಬೇಕಾ ಎಂದು ಕೇಳಲಿಲ್ಲ. ಬೆಳಿಗ್ಗೆ ನಾನು ಏಳುವಷ್ಟರಲ್ಲಿ ತದಡಿಯಿಂದ ತಂದು ಉಳಿದಿದ್ದ ಬಲೆಯ ಮೊದಲ ಗಂಟು ಅವರ ಹೆಗಲ ಮೇಲಿತ್ತು.

ದಂಡೆಯ ತೀರಾ ಆ ಕೊನೆಗೆ, ಜನ ಕಡಿಮೆ ಇರುವ ಜಾಗದಲ್ಲಿ ಬಲೆ ಹರಡಿದರು. ನಾನು ಹಗ್ಗದ ಒಂದು ತುದಿ ಹಿಡಿದೆ. ಅಣ್ಣಪ್ಪನ ದೋಣಿಯವರು ದೂರದಿಂದ ನೋಡಿದರು, ಹತ್ತಿರ ಬರಲಿಲ್ಲ. ನನ್ನ ಬೈಗಳು ಇನ್ನೂ ಅವರ ಕಿವಿಯಲ್ಲಿತ್ತು. ಆದರೆ ಅಷ್ಟು ಉದ್ದದ ಹಗ್ಗ ಬಿಗಿಯಾಗಿ ನಿಲ್ಲಬೇಕಾದರೆ ನನ್ನೊಬ್ಬಳ ತೂಕ ಸಾಲುತ್ತಿರಲಿಲ್ಲ. ಇವರು ಎಳೆದರೆ ನಾನೇ ಮರಳಲ್ಲಿ ಜಾರಿ ಹೋಗುತ್ತಿದ್ದೆ. ಎರಡನೆಯ ದಿನ ಹಿಂದಿನಿಂದ ಒಂದು ಕೈ ಬಂದು ಹಗ್ಗ ಹಿಡಿಯಿತು. ಅಣ್ಣಪ್ಪ. ನನ್ನನ್ನು ನೋಡದೆ ಕಾಲನ್ನು ಮರಳಿಗೆ ಊರಿ ನಿಂತ. ಅವನ ಹಿಂದೆ ಉಳಿದವರೂ ಬಂದರು. ಆ ತುದಿಯಿಂದ ಇವರು, “ಎಳೀರಾ!” ಎಂದು ಕೂಗಿದರು. ದೋಣಿಯ ಮೇಲಿನ ಹಳೆಯ ಕೂಗು ಅದು. ನಾನೂ ಮೈಭಾರ ಬಿಟ್ಟು ಎಳೆದೆ.

ಬಲೆಯನ್ನು ಧಾರೇಶ್ವರಕ್ಕೆ ಸಾಗಿಸಿ, ಗಳ ನೆಟ್ಟು, ತೋಟದ ಮೇಲೆ ಕಟ್ಟಿದ್ದಾಯಿತು. ಇವರು ಆ ರಾತ್ರಿ ಅಲ್ಲೇ ಉಳಿದರು. ಬೆಳಿಗ್ಗೆ ಹಕ್ಕಿ ಬರುವುದನ್ನು ನೋಡದೆ ಬರುವುದಿಲ್ಲ ಎಂದರು. ನಾನು ಬಿಡುತ್ತೇನೆಯೇ, ಮಾರ್ಕೆಟ್ಟಿಗೆ ರಜೆ ಹಾಕಿ ಜೊತೆಗೇ ಇದ್ದೆ. ಬೆಳಕು ಹರಿಯುವಾಗ ಬಾಲದ ಹಕ್ಕಿಗಳು ಬಂದವು, ಹಿಂದೆಯೇ ಗೊರವಂಕ ಬಂದವು, ಕಾಗೆಗಳು ಬಂದವು. ಇಳಿದವು, ಬಲೆಯ ಮೇಲೆ ಕುಣಿದವು, ಬೈದವು, ಹೋದವು. ಇವರು ತೋಟದ ಸುತ್ತ ಬಲೆಯ ಅಂಚು ಮುಟ್ಟಿಕೊಂಡು ನಡೆದರು. ಒಂದೊಂದು ಮೂಲೆಯಲ್ಲೂ ಬಗ್ಗಿ ನೋಡಿದರು, ಒಂದಾದರೂ ಪುಕ್ಕ ಸಿಕ್ಕಿಕೊಂಡಿದೆಯೇ ಎಂದು. ಇರಲಿಲ್ಲ. ವಿಶ್ವನಾಥರ ಹೆಂಡತಿ ಎಷ್ಟೋ ದಿನದ ಮೇಲೆ ತೋಟಕ್ಕೆ ಇಳಿದು, ತಮ್ಮ ಕೈಯಾರೆ ಕೊಯ್ದು ನಮಗೊಂದು ಚೀಲ ಚಿಕ್ಕು ಕೊಟ್ಟರು.

ಬಾಡದಲ್ಲಿ ಬಸ್ಸಿನಿಂದ ಇಳಿದು ನಾನು ಎಂದಿನಂತೆ ಗದ್ದೆಯ ದಾರಿಗೆ ತಿರುಗಿದೆ. ಹಿಂದೆ ಹೆಜ್ಜೆಯ ಸದ್ದು ಇಲ್ಲ. ನೋಡಿದರೆ ಇವರು ದಂಡೆಯ ದಾರಿ ಹಿಡಿದು ಆಗಲೇ ಮುಂದೆ ಹೋಗಿದ್ದರು. ಚೀಲ ಹೊತ್ತು ಓಡಿದೆ.

ದಂಡೆಯಲ್ಲಿ ಅಣ್ಣಪ್ಪನ ದೋಣಿಯವರು ಹೊಸ ಬಲೆಯೊಂದನ್ನು ಹಗ್ಗಕ್ಕೆ ಕಟ್ಟುತ್ತಾ ಕುಳಿತಿದ್ದರು. ಮೀನು ಕೊಳ್ಳಲು ಬಂದ ಹೆಂಗಸರೂ ಇದ್ದರು. ಅಣ್ಣಪ್ಪ ನನ್ನ ಮುಖ ನೋಡಿ ತಲೆ ತಗ್ಗಿಸಿ, ಸೂಜಿಯ ಮೇಲೆಯೇ ಕಣ್ಣು ನೆಟ್ಟ. ಇವರು ಹೋಗಿ ಅವನ ಎದುರಿಗೇ ನಿಂತರು.

“ಎಂತದಾ ಅಣ್ಣಪ್ಪ, ಬಾಯಿ ಹೊಲ್ಕಂಡಿದ್ಯನಾ? ಕೇಳು.”

“ಎಂತ ಕೇಳೂದು ಜಟ್ಟಣ್ಣ?”

“ದಂಡಿ ಮೇಲೆ ಬಂದವ್ನಿಗೆ ಎಂತ ಕೇಳ್ತ್ರು? ಅದ್ನೇ ಕೇಳು.”

ಅಣ್ಣಪ್ಪ ನನ್ನ ಕಡೆ ನೋಡಿದ. ನಾನು ಆಕಾಶ ನೋಡಿದೆ. ಅವನು ಎದ್ದು ನಿಂತ. ಈ ಸಲ ಅವನ ಮುಖದಲ್ಲಿ ನಗು ಇರಲಿಲ್ಲ.

“ಎಂತ ಬಿತ್ತು, ತಾಂಡೇಲರೇ?”

ನನ್ನ ಗಂಡ ಎದೆ ಉಬ್ಬಿಸಿ, ನೀರಿನಲ್ಲಿದ್ದ ದೋಣಿಯವರಿಗೂ ಕೇಳುವ ಹಾಗೆ ಹೇಳಿದರು:

“ಎಂತದೂ ಬೀಳ್ಲಿಲ್ಲ! ಒಂದು ಪುಕ್ಕ ಸಮೇತ ಬೀಳ್ಲಿಲ್ಲ!”

ಎಲ್ಲರೂ ಘೊಳ್ಳೆಂದು ನಕ್ಕರು. ಇವರೂ ನಕ್ಕರು. ನಮ್ಮ ದಂಡೆಯಲ್ಲಿ ಆ ಉತ್ತರವನ್ನು ತಲೆ ಎತ್ತಿ ಹೇಳಿದ ಮೊದಲ ಗಂಡಸು ನನ್ನ ಗಂಡ. ಆಮೇಲೆ ಅವರು ಬಗ್ಗಿ ಅಣ್ಣಪ್ಪ ಕಟ್ಟುತ್ತಿದ್ದ ಬಲೆಯ ಮೇಲೆ ಬೆರಳು ಓಡಿಸಿದರು. ಮುಖ ಸಿಂಡರಿಸಿದರು.

“ಇದೆಂತದಾ ಇಷ್ಟು ಬಿಗಿ? ನನ್ನ ನೋಡಿ ಕಲ್ತ್ಯನಾ? ಇದು ಹಕ್ಕಿ ಬಲೆ ಅಲ್ಲ ಮಾರಾಯ, ಬಂಗಡೆ ಬಲೆ. ಸಡಿಲು ಬಿಡು. ಆಚೆ ಸರಿ, ಸೂಜಿ ಕೊಡಿಲ್ಲಿ.”

ಮರಳ ಮೇಲೆ ಕುಳಿತೇಬಿಟ್ಟರು. ಅಣ್ಣಪ್ಪ ಪಕ್ಕದಲ್ಲಿ ಮೊಣಕಾಲೂರಿ ಅವರ ಬೆರಳನ್ನೇ ನೋಡತೊಡಗಿದ. ಧಾರೇಶ್ವರದಲ್ಲಿ ಏನಾಯಿತೆಂದು ನನ್ನನ್ನು ಯಾರೂ ಕೇಳಲಿಲ್ಲ. ಆದರೂ ಹೆಂಗಸರಿಗೆ ಚಿಕ್ಕು ಹಂಚುತ್ತಾ ಎಲ್ಲವನ್ನೂ ಮೊದಲಿನಿಂದ ಕೊನೆಯವರೆಗೆ ಹೇಳಿದೆ, ಜಯಂತಿಗೆ ಎರಡು ಸಲ ಹೇಳಿದೆ.

ಮನೆಗೆ ಒಬ್ಬಳೇ ಬಂದು ಗಂಜಿ ಮಾಡಿ, ನೊಗ್ಲಿ ಮೀನು ಹುರಿದು, ಬಡಿಸಿಟ್ಟು ಕುಳಿತೆ. ಊಟದ ಹೊತ್ತಿಗೆ ಬಾರದಿದ್ದರೆ ನಾನು ಕೇರಿಗೆಲ್ಲ ಕೇಳುವ ಹಾಗೆ ಕರೆಯುವವಳು. ಗಂಜಿ ತಣ್ಣಗಾಯಿತು, ಬಿಸಿಲು ಜಗಲಿಯಿಂದ ಇಳಿಯಿತು. ನಾನು ಕರೆಯಲು ಹೋಗಲಿಲ್ಲ.